ಮಂಜು ಕನ್ನಡಕದ ಮೇಲೆ, ಕಾರಣ ಮೂಗಿನ ಮೇಲೆ

ಪ್ರಶ್ನೆ: ನನಗೆ 46 ವರ್ಷ. ಕೊಡಗಿನ ಒಂದು ಆಸ್ಪತ್ರೆಯ ಟಿ.ಬಿ. ವಾರ್ಡಿನಲ್ಲಿ ಸ್ಟಾಫ್ ನರ್ಸ್. ಎರಡೂ ಕಣ್ಣಿಗೆ ಮೈನಸ್ 8 ಇದೆ, ಎರಡು ವರ್ಷದಿಂದ ಪ್ರೋಗ್ರೆಸಿವ್ ಕನ್ನಡಕ (ಮೇಲೆ ದೂರಕ್ಕೆ, ಕೆಳಗೆ ಓದಲು, ಒಂದೇ ಗ್ಲಾಸಿನಲ್ಲಿ) ಹಾಕುತ್ತಿದ್ದೇನೆ. ಡ್ಯೂಟಿಯ ಅಷ್ಟೂ ಹೊತ್ತು ಎನ್95 ಮಾಸ್ಕ್ ಇರಲೇಬೇಕು. ಹಾಕಿ ಐದು ನಿಮಿಷ ಆಗುವುದರೊಳಗೆ ಕನ್ನಡಕ ಮಂಜಾಗುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಡ್ರಿಪ್ಪಿನ ಕ್ಯಾನುಲಾ ಹಾಕಲು ರಕ್ತನಾಳ ಹುಡುಕುವಾಗ ಕಣ್ಣೆದುರು ಬರೀ ಬಿಳುಪು. ಕಳೆದ ವರ್ಷ ದುಬಾರಿ ಕೋಟಿಂಗ್ ಇರುವ ಹೊಸ ಗ್ಲಾಸ್ ಹಾಕಿಸಿದೆ. ವಿಚಿತ್ರ ಅಂದರೆ ಹಳೆಯದಕ್ಕಿಂತ ಇದೇ ಜಾಸ್ತಿ ಮಂಜಾಗುತ್ತದೆ. ನನಗೆ ಕಳಪೆ ಗ್ಲಾಸ್ ಕೊಟ್ಟರೇ? ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂದರು, ಉಜ್ಜಿದೆ. ಆನ್‌ಲೈನಿನಲ್ಲಿ ಸ್ಪ್ರೇ ತರಿಸಿದೆ, ಎರಡು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಎಣ್ಣೆ ಸವರಿದ ಹಾಗೆ. ಈಗ ಗ್ಲಾಸಿನ ಮೇಲೆ ಅಲ್ಲಲ್ಲಿ ಕಲೆ ನಿಂತಿದೆ, ಸಂಜೆಯಾದರೆ ಕಣ್ಣುರಿ. ಈ ಹಬೆಯಿಂದ ಕಣ್ಣಿಗೆ ತೊಂದರೆ ಇದೆಯೇ, ನಂಬರ್ ಏರುತ್ತದೆಯೇ? ಮಗ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೋ ಅನ್ನುತ್ತಾನೆ, ತಂಗಿ ಲೇಸರ್ ಮಾಡಿಸಿಬಿಡು ಅನ್ನುತ್ತಾಳೆ. ಹೇಳಿಕೊಳ್ಳಲು ನಾಚಿಕೆ, ಕೆಲವೊಮ್ಮೆ ಸೂಜಿ ಹಾಕುವ ಹೊತ್ತಿಗೆ ಮಾಸ್ಕನ್ನು ಮೂಗಿನಿಂದ ಕೆಳಗೆ ಇಳಿಸಿಬಿಡುತ್ತೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಾಣದೆ ಚುಚ್ಚುವುದಕ್ಕಿಂತ ಮಾಸ್ಕ್ ಇಳಿಸುವುದೇ ವಾಸಿ ಎಂದು ಆ ಗಳಿಗೆಯಲ್ಲಿ ಯಾರಿಗಾದರೂ ಅನ್ನಿಸುತ್ತದೆ. ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೆ ಮಾಡಿದ್ದನ್ನು ಕೊರೊನಾ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ಟಿ.ಬಿ. ಗಾಳಿಯಲ್ಲಿ ಹರಡುವ ಕಾಯಿಲೆ. ನಿಮ್ಮ ವಾರ್ಡಿನಲ್ಲಿ ಆ ಅರ್ಧ ನಿಮಿಷ ಸಣ್ಣ ಮಾತಲ್ಲ. ಆದ್ದರಿಂದ ನಿಮ್ಮ ತೊಂದರೆಯನ್ನು ಬರೀ ಕಿರಿಕಿರಿ ಎಂದು ನಾನು ನೋಡುವುದಿಲ್ಲ.

ಇನ್ನೊಂದು ಮಾತು. ನೀವು ಕೇಳಿರುವುದೆಲ್ಲ ಕನ್ನಡಕದ ಬಗ್ಗೆ. ಆಪ್ಟೊಮೆಟ್ರಿಸ್ಟ್ ಆಗಿ, ಎಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವನಾಗಿ, ಇಪ್ಪತ್ತೆರಡು ವರ್ಷ ಕಳೆದವನು ನಾನು. ಮೊದಲ ನಾಲ್ಕು ವರ್ಷ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗ್ಲಾಸ್ ಉಜ್ಜಿ ಫ್ರೇಮಿಗೆ ಕೂರಿಸಿದವನು, ಆಮೇಲಿನದ್ದು ಆಸ್ಪತ್ರೆ. ಗ್ಲಾಸಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೂ ನಿಮಗೆ ಮೊದಲು ಮಾಸ್ಕಿನ ಬಗ್ಗೆಯೇ ಹೇಳಬೇಕಾಗಿದೆ. ಎನ್95 ಹಾಕಿದವರ ಕನ್ನಡಕ ಐದೇ ನಿಮಿಷಕ್ಕೆ ಮಂಜಾಗುತ್ತದೆ ಎಂದರೆ ಉಸಿರು ಮಾಸ್ಕಿನ ಬಟ್ಟೆಯ ಮೂಲಕ ಹೋಗದೆ ಮೂಗಿನ ಪಕ್ಕದ ಸಂದಿಯಿಂದ ಮೇಲಕ್ಕೆ ಹೋಗುತ್ತಿದೆ ಎಂದರ್ಥ. ಉಸಿರು ಬಿಟ್ಟಾಗ ಹೊರಹೋಗುವ ಆ ಸಂದಿಯಿಂದಲೇ, ಉಸಿರು ಎಳೆದಾಗ ವಾರ್ಡಿನ ಗಾಳಿ ಸೋಸದೆ ಒಳಬರುತ್ತದೆ. ನಿಮ್ಮ ಕನ್ನಡಕ ನಿಮಗೆ ಸುಮ್ಮನೆ ಕಾಟ ಕೊಡುತ್ತಿಲ್ಲ, ಚಾಡಿ ಹೇಳುತ್ತಿದೆ. ಗ್ಲಾಸಿಗೆ ಏನೋ ಸವರಿ ಅದರ ಬಾಯಿ ಮುಚ್ಚಿಸಿದರೆ ಸೋರಿಕೆ ಹಾಗೇ ಉಳಿಯುತ್ತದೆ.

ಹೆದರಿಕೆಗಳನ್ನು ಮೊದಲು ಮುಗಿಸೋಣ. ಹಬೆಯಿಂದ ಕಣ್ಣಿಗೆ ಹಾನಿಯಿಲ್ಲ. ನಂಬರ್ ಏರುವುದಿಲ್ಲ, ಪೊರೆ ಬರುವುದಿಲ್ಲ. ನಿಮಗೆ ಕಳಪೆ ಗ್ಲಾಸ್ ಕೊಟ್ಟಿಲ್ಲ. ಹಾಗೆ ನೋಡಿದರೆ ಒಳ್ಳೆಯ ಗ್ಲಾಸ್ ಆದ್ದರಿಂದಲೇ ಅದು ಹಳೆಯದಕ್ಕಿಂತ ಹೆಚ್ಚು ಮಂಜಾಗುತ್ತಿದೆ. ಇದು ಹೇಗೆ ಎಂದು ತಿಳಿಯಲು ಉಸಿರಿನ ಲೆಕ್ಕ ಸ್ವಲ್ಪ ನೋಡಬೇಕು.

ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ, ಇನ್ನು ಹಿಡಿಸದಷ್ಟು ನೀರಾವಿ ಅದರಲ್ಲಿರುತ್ತದೆ. ಆ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರನ್ನು ಆವಿಯಾಗಿ ಹೊತ್ತುಕೊಳ್ಳಬಲ್ಲದು. ಅದೇ ಗಾಳಿ 19 ಡಿಗ್ರಿಗೆ ತಣಿದರೆ ಹೊರಬಲ್ಲದ್ದು 16 ಗ್ರಾಂ ಮಾತ್ರ. ಉಳಿದದ್ದನ್ನು ಅದು ಸಿಕ್ಕ ತಣ್ಣನೆಯ ಮೈಮೇಲೆ ಇಳಿಸಿಬಿಡುತ್ತದೆ. ಸಾಮಾನ್ಯವಾಗಿ ನಾವು ಒಂದು ಸಲಕ್ಕೆ ಅರ್ಧ ಲೀಟರಿನಷ್ಟು ಉಸಿರು ಬಿಡುತ್ತೇವೆ, ನಿಮಿಷಕ್ಕೆ ಹದಿನೈದು ಸಲ ಎಂದಿಟ್ಟುಕೊಳ್ಳಿ. ಆ ಒಂದು ನಿಮಿಷದ ಒಟ್ಟು ನೀರು ಐದಾರು ಹನಿ. ಅದರಲ್ಲಿ ಒಂದು ಪಾಲು ಮೇಲಕ್ಕೆ ಸೋರಿದರೂ ಎರಡು ಗ್ಲಾಸುಗಳನ್ನು ಬೆಳ್ಳಗೆ ಮಾಡಲು ಧಾರಾಳವಾಗಿ ಸಾಕು.

ಈಗ ನಿಮ್ಮ ಊರಿನ ಜುಲೈ ತಿಂಗಳನ್ನು ನೆನೆಯಿರಿ. ಟಿ.ಬಿ. ವಾರ್ಡು, ಗಾಳಿಯಾಡಲೆಂದು ಕಿಟಕಿಗಳೆಲ್ಲ ತೆರೆದಿವೆ. ಹೊರಗೆ ಬಿಡದ ಮಳೆ, ಒಳಗೆ ಹತ್ತೊಂಬತ್ತು ಇಪ್ಪತ್ತು ಡಿಗ್ರಿ. ಗ್ಲಾಸ್ ಆ ಗಾಳಿಯಷ್ಟೇ ತಣ್ಣಗಿರುತ್ತದೆ. ಸುತ್ತಲ ಗಾಳಿಯೂ ಒದ್ದೆಯಾದ್ದರಿಂದ ಒಮ್ಮೆ ಕೂತ ಮಂಜು ಆರುವುದೂ ಇಲ್ಲ. ಇದೇ ಮಾಸ್ಕ್, ಇದೇ ಕನ್ನಡಕ ಹಾಕಿಕೊಂಡು ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಬಿಸಿಲಿನಲ್ಲಿ ನಿಂತರೆ ನಿಮಗೆ ಮಂಜಿನ ಸುಳಿವೂ ಸಿಗದು. ಅಲ್ಲಿ 40 ಡಿಗ್ರಿ ಕಾದ ಗ್ಲಾಸಿನ ಮೇಲೆ 34 ಡಿಗ್ರಿಯ ಉಸಿರು ಹನಿಗಟ್ಟಲು ಸಾಧ್ಯವೇ ಇಲ್ಲ. ಮಂಗಳೂರಿನಲ್ಲಿ ಇದರ ಇನ್ನೊಂದು ಬಗೆ. ಎ.ಸಿ. ರೂಮಿನಿಂದ ಹೊರಗೆ ಕಾಲಿಟ್ಟರೆ ಮಾಸ್ಕ್ ಇಲ್ಲದಿದ್ದರೂ ಕನ್ನಡಕ ಮಂಜಾಗುತ್ತದೆ, ಕಡಲ ಕರೆಯ ಗಾಳಿಯಲ್ಲೇ ಅಷ್ಟು ತೇವ. ಅದಕ್ಕೆ ಮಾಸ್ಕ್ ಕಾರಣವಲ್ಲ, ಎರಡು ನಿಮಿಷದಲ್ಲಿ ಗ್ಲಾಸ್ ಬೆಚ್ಚಗಾದರೆ ತಾನಾಗಿ ಹೋಗುತ್ತದೆ.

ನೀರು ಎಂದರೆ ಪಾರದರ್ಶಕ ತಾನೇ, ಮತ್ತೆ ಯಾಕೆ ಬೆಳ್ಳಗೆ ಕಾಣುತ್ತದೆ? ಏಕೆಂದರೆ ಅದು ಹಾಳೆಯ ಹಾಗೆ ಹರಡಿಕೊಳ್ಳದೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಾಗಿ ಕೂರುತ್ತದೆ. ಪ್ರತಿ ಮಣಿಯೂ ಬೆಳಕನ್ನು ಅತ್ತಿತ್ತ ಚೆದುರಿಸುತ್ತದೆ. ಕೆಸುವಿನ ಎಲೆಯ ಮೇಲೆ ಮಳೆನೀರು ಗುಂಡಗೆ ಉರುಳಾಡುವುದನ್ನು ನೀವು ದಿನವೂ ನೋಡುತ್ತೀರಿ. ನಿಮ್ಮ ಹೊಸ ಗ್ಲಾಸಿನ ಆಂಟಿ-ರಿಫ್ಲೆಕ್ಷನ್ (ಬೆಳಕಿನ ಪ್ರತಿಫಲನ ತಗ್ಗಿಸುವ) ಕೋಟಿಂಗಿನ ಮೇಲ್ಪದರ ಥೇಟ್ ಕೆಸುವಿನ ಎಲೆಯೇ. ನೀರು, ಎಣ್ಣೆ, ಬೆರಳಿನ ಜಿಡ್ಡು ಅಂಟದಿರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಮಳೆಹನಿ ಬಿದ್ದರೆ ಜಾರಿ ಹೋಗುತ್ತದೆ, ಅದು ಅನುಕೂಲ. ಉಸಿರಿನ ಆವಿ ಬಂದರೆ ಲಕ್ಷಾಂತರ ಮಣಿಗಳಾಗಿ ನಿಲ್ಲುತ್ತದೆ, ಅದು ಅನನುಕೂಲ. ಹಳೆಯ ಗ್ಲಾಸಿಗೆ ಆ ಪದರ ಇರಲಿಲ್ಲ, ಅಥವಾ ಸವೆದು ಹೋಗಿತ್ತು. ಅಂಗಡಿಯವರು ಇದನ್ನು ಮಾರುವಾಗಲೇ ಹೇಳಬೇಕಿತ್ತು. ಹೇಳುವವರು ಕಡಿಮೆ.

ಇನ್ನು ಮಾಸ್ಕಿಗೆ ಬರೋಣ. ನಿಮ್ಮನ್ನು ನೋಡದೆ ಒಂದು ಊಹೆ ಮಾಡುತ್ತೇನೆ. ನಿಮ್ಮ ಎನ್95 ಮಾಸ್ಕಿಗೆ ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇವೆ, ನೀವು ತುರುಬು ಕಟ್ಟುತ್ತೀರಿ, ಎರಡೂ ಪಟ್ಟಿ ತುರುಬಿನ ಕೆಳಗೆ, ಕತ್ತಿನ ಮೇಲೆ ಕೂತಿವೆ. ಊಹೆ ತಪ್ಪಾದರೆ ಕ್ಷಮಿಸಿ. ಆದರೆ ಮಂಜಿನ ದೂರು ಹೊತ್ತು ನನ್ನ ಹತ್ತಿರ ಬಂದ ನರ್ಸುಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗದಲ್ಲಿ ಎತ್ತರದಲ್ಲಿರಬೇಕು, ಕೆಳಗಿನದು ಕಿವಿಗಳ ಕೆಳಗೆ ಕತ್ತಿನ ಹಿಂದೆ. ಮೇಲಿನದು ಮಾಸ್ಕನ್ನು ಮೂಗಿನ ಕಡೆಗೆ ಎಳೆದು ಹಿಡಿಯುತ್ತದೆ, ಕೆಳಗಿನದು ಗಲ್ಲದ ಕಡೆಗೆ. ತುರುಬಿನ ದೆಸೆಯಿಂದ ಎರಡೂ ಕೆಳಗೇ ಬಂದರೆ ಮೂಗಿನ ಮೇಲಿನ ಅಂಚನ್ನು ಹಿಡಿಯುವವರೇ ಇಲ್ಲ. ತುರುಬನ್ನು ಡ್ಯೂಟಿಯ ದಿನ ಸ್ವಲ್ಪ ಕೆಳಗೆ ಕಟ್ಟಿ, ಮೇಲಿನ ಪಟ್ಟಿ ಅದರ ಮೇಲಿಂದ ಹೋಗಲಿ. ಹೀಗೆ ಮಾಡಿದ್ದಷ್ಟರಿಂದಲೇ ಗುಣ ಕಂಡವರಿದ್ದಾರೆ.

ಎರಡನೆಯದು ಮೂಗಿನ ತಂತಿ. ಅದನ್ನು ಒಂದೇ ಕೈಯ ಎರಡು ಬೆರಳಲ್ಲಿ ಚಿವುಟಿ ಬಿಡುವುದು ಎಲ್ಲರ ಅಭ್ಯಾಸ. ಹಾಗೆ ಚಿವುಟಿದರೆ ತಂತಿ ಮಧ್ಯದಲ್ಲಿ ಗೋಪುರದ ಹಾಗೆ ಏಳುತ್ತದೆ, ಎರಡೂ ಪಕ್ಕದಲ್ಲಿ ಸಂದಿ ಉಳಿಯುತ್ತದೆ. ಆ ಸಂದಿ ಇರುವುದು ಸರಿಯಾಗಿ ಗ್ಲಾಸುಗಳ ಕೆಳಗೆ! ಎರಡೂ ಕೈಯ ಬೆರಳ ತುದಿಗಳನ್ನು ಮೂಗಿನ ನೆತ್ತಿಯ ಮೇಲಿಟ್ಟು, ಒತ್ತುತ್ತಾ ಎರಡೂ ಕಡೆ ಕೆನ್ನೆಯವರೆಗೆ ಜಾರಿಸಿ. ಎರಡು ಮೂರು ಸಲ ಮಾಡಿ. ಆಮೇಲೆ ಎರಡೂ ಅಂಗೈಗಳಿಂದ ಮಾಸ್ಕನ್ನು ಪೂರ್ತಿ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಗಾಳಿ ತಾಗಿದರೆ ತಂತಿ ಮತ್ತೆ ಒತ್ತಬೇಕು, ಕೆನ್ನೆಯ ಕಡೆ ತಾಗಿದರೆ ಪಟ್ಟಿ ಸರಿಪಡಿಸಬೇಕು. ಕನ್ನಡಕ ಹಾಕಿಕೊಳ್ಳುವುದು ಇದೆಲ್ಲ ಮುಗಿದ ಮೇಲೆ. ಕನ್ನಡಕ ಹಾಕಿಕೊಂಡೇ ಮಾಸ್ಕ್ ಏರಿಸಿದರೆ ಫ್ರೇಮಿನ ನೋಸ್ ಪ್ಯಾಡ್ ಮಾಸ್ಕಿನ ಅಂಚಿನ ಕೆಳಗೆ ಸಿಕ್ಕಿಕೊಂಡು ಸಂದಿ ಮಾಡುತ್ತದೆ.

ಎಲ್ಲ ಮಾಡಿದರೂ ಸೋರುತ್ತಿದ್ದರೆ ಆ ಮಾಸ್ಕಿನ ಅಳತೆ ನಿಮ್ಮ ಮುಖಕ್ಕೆ ಹೊಂದುವುದಿಲ್ಲ ಎಂದೇ ತಿಳಿಯಬೇಕು. ಎನ್95 ಎಂಬುದು ಬಟ್ಟೆ ಎಷ್ಟು ಸೋಸುತ್ತದೆ ಎಂಬುದರ ಗುರುತು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ ಕನಿಷ್ಠ 95ನ್ನು ಅದು ತಡೆಯುತ್ತದೆ. ಮುಖಕ್ಕೆ ಕೂರುತ್ತದೋ ಇಲ್ಲವೋ ಎಂಬುದು ಬೇರೆಯೇ ಮಾತು. ಬಟ್ಟಲಿನ ಆಕಾರದ್ದು ಒಬ್ಬರಿಗೆ ಹಿಡಿಸಿದರೆ ಮಡಚುವಂಥದ್ದು ಇನ್ನೊಬ್ಬರಿಗೆ. ಕಿವಿಗೆ ಸಿಕ್ಕಿಸುವ ದಾರದವು ಸಾಮಾನ್ಯವಾಗಿ ಸಡಿಲ. ಸ್ಟೋರಿನವರನ್ನು ಕೇಳಿ ಎರಡು ಮೂರು ಬಗೆ ಹಾಕಿ ನೋಡುವುದು ನಿಮ್ಮ ಹಕ್ಕು, ದಾಕ್ಷಿಣ್ಯ ಬೇಡ. ಗಡ್ಡ ಬಿಟ್ಟ ಗಂಡಸರು ನಿಮ್ಮ ವಾರ್ಡಿನಲ್ಲಿದ್ದರೆ ಅವರಿಗೂ ಹೇಳಿ, ಗಡ್ಡದ ಮೇಲೆ ಯಾವ ಎನ್95 ಕೂಡ ಸರಿಯಾಗಿ ಕೂರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಮಂಜಾದರೆ ಸೋರಿಕೆ ಇದೆ ಎನ್ನುವುದು ಸರಿ. ಮಂಜಾಗಲಿಲ್ಲ, ಆದ್ದರಿಂದ ಸೋರಿಕೆ ಇಲ್ಲ ಎನ್ನುವುದು ಸರಿಯಲ್ಲ. ಕೆನ್ನೆ, ಗಲ್ಲದ ಕಡೆ ಸೋರುವುದು ಕನ್ನಡಕಕ್ಕೆ ಗೊತ್ತಾಗುವುದಿಲ್ಲ. ಬಿಸಿಲು ದಿನ ಕನ್ನಡಕ ಸ್ವಚ್ಛವಾಗಿದೆ ಎಂದು ಅಂಗೈ ಪರೀಕ್ಷೆ ಬಿಡಬೇಡಿ.

ವಾಲ್ವ್ ಇರುವ ಮಾಸ್ಕ್ ಹಾಕಿದರೆ ಮಂಜು ಕಡಿಮೆ, ಅದು ನಿಜ. ಉಸಿರು ವಾಲ್ವಿನಿಂದ ಮುಂದಕ್ಕೆ ಹೋಗಿಬಿಡುತ್ತದೆ. ಆದರೆ ಸೋಸದೆ ಹೋಗುತ್ತದೆ, ಎದುರಿಗಿರುವ ರೋಗಿಯ ಮುಖಕ್ಕೆ. 2020ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವಾಲ್ವ್ ಮಾಸ್ಕಿನ ವಿರುದ್ಧ ರಾಜ್ಯಗಳಿಗೆ ಪತ್ರ ಬರೆದದ್ದು ಇದೇ ಕಾರಣಕ್ಕೆ. ರೋಗಿಗಳ ನಡುವೆ ಅದು ಬೇಡ.

ಮೈಕ್ರೋಪೋರ್ ಟೇಪ್ ನಿಮ್ಮ ಟ್ರೇಯಲ್ಲೇ ಇರುತ್ತದೆ. ಸರ್ಜಿಕಲ್ ಮಾಸ್ಕಿನ ಮೇಲಂಚಿಗೆ ಅದನ್ನು ಅಂಟಿಸುವುದು ಆಪರೇಷನ್ ಥಿಯೇಟರಿನ ಹಳೆಯ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ. ಎನ್95ಗೂ ಅಂಚಿನ ಮೇಲಿಂದ, ಮಾಸ್ಕ್ ಮತ್ತು ಚರ್ಮ ಎರಡನ್ನೂ ಹಿಡಿಯುವಂತೆ ಹಚ್ಚಬಹುದು. ಆದರೆ ಹೊಂದದ ಮಾಸ್ಕನ್ನು ಟೇಪ್ ಹೊಂದಿಸುವುದಿಲ್ಲ, ಮತ್ತು ಅಂಚಿನ ಕೆಳಗೆ ಟೇಪ್, ಟಿಶ್ಯೂ, ಹತ್ತಿ ಏನನ್ನೂ ತೂರಿಸಬಾರದು. ಹಚ್ಚುವಾಗ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಅಂಟಿಸಬೇಡಿ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗುತ್ತದೆ.

ಟೇಪಿನ ವಿಚಾರ ಬಂತೆಂದು ನೆನಪಾಯಿತು. 2021ರಲ್ಲಿ ನಮ್ಮಲ್ಲಿಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಹೊರಗೆಲ್ಲೋ ಮಾಡಿಸಿದ್ದ ಫೀಲ್ಡ್ ಟೆಸ್ಟಿನಲ್ಲಿ, ಎಂದರೆ ಕಣ್ಣಿಗೆ ಸುತ್ತಮುತ್ತ ಎಷ್ಟು ಕಾಣುತ್ತದೆ ಎಂದು ಅಳೆಯುವ ಪರೀಕ್ಷೆಯಲ್ಲಿ, ಎರಡೂ ಕಣ್ಣಿನ ಕೆಳಭಾಗ ಕಪ್ಪು ಕಪ್ಪಾಗಿ ಬಂದು, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಎಂದು ಮನೆಯವರೆಲ್ಲ ಕಂಗಾಲಾಗಿದ್ದರು. ನಮ್ಮ ಯಂತ್ರದಲ್ಲೂ ಮೊದಲು ಅದೇ ಬಂತು. ಆಮೇಲೆ ನೋಡಿದರೆ ಯಂತ್ರದೊಳಗೆ ಹಾಕುವ ಗ್ಲಾಸಿನ ಕೆಳಗಿನ ಅರ್ಧ ಮಂಜಾಗಿ ಕೂತಿದೆ. ಮಾಸ್ಕಿನ ಮೇಲಂಚಿಗೆ ಟೇಪ್ ಹಚ್ಚಿ ಮತ್ತೆ ಮಾಡಿದೆವು, ಸ್ವಚ್ಛ. ಅವರಿಗೆ ಅಷ್ಟು ಹೊತ್ತು ಕಾಯಿಲೆ ತರಿಸಿದ್ದು ಅವರದೇ ಉಸಿರು.

ಮಾಸ್ಕ್ ಸರಿಹೋದ ಮೇಲೂ ನಿಮ್ಮ ಊರಿನ ಹವೆಗೆ ಒಂದಿಷ್ಟು ಮಂಜು ಉಳಿಯಬಹುದು. ಆಗ ಗ್ಲಾಸಿನ ಸರದಿ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಅಗ್ಗದ್ದೇ. ಬ್ರಿಟನ್ನಿನ ಶಸ್ತ್ರಚಿಕಿತ್ಸಕರ ಒಂದು ಪತ್ರಿಕೆಯಲ್ಲಿ 2011ರಲ್ಲೇ ಇದನ್ನು ಬರೆದಿದ್ದರು, ಕೊರೊನಾ ಬಂದ ಮೇಲೆ ಲೋಕಕ್ಕೆಲ್ಲ ನೆನಪಾಯಿತು. ಮಾಸ್ಕ್ ಹಾಕುವ ಮುಂಚೆ ಕನ್ನಡಕವನ್ನು ಸೋಪಿನ ನೀರಿನಲ್ಲಿ ತೊಳೆದು, ಕೊಡವಿ, ಹಾಗೇ ಆರಲು ಬಿಡುವುದು, ಇಷ್ಟೇ. ಕಣ್ಣಿಗೆ ಕಾಣದ ತೆಳ್ಳನೆಯ ಸೋಪಿನ ಪೊರೆ ಗ್ಲಾಸಿನ ಮೇಲೆ ಉಳಿಯುತ್ತದೆ. ಆವಿ ಬಂದು ಕೂತಾಗ ಮಣಿಯಾಗಲು ಅದು ಬಿಡುವುದಿಲ್ಲ, ನೀರು ಹಾಳೆಯಂತೆ ಹರಡಿಕೊಳ್ಳುತ್ತದೆ. ನೀರು ಇರುತ್ತದೆ, ಬಿಳುಪು ಇರುವುದಿಲ್ಲ. ಮುತ್ತು ಹೆಕ್ಕುವವರು, ಈಜುವವರು ಕನ್ನಡಕಕ್ಕೆ ಉಗುಳು ಸವರುವುದರ ಹಿಂದಿರುವುದೂ ಇದೇ ತತ್ವ. ಆಸ್ಪತ್ರೆಯಲ್ಲಿ ಉಗುಳು ಬೇಡ, ಅದನ್ನು ನಿಮಗೆ ಹೇಳಬೇಕಾಗಿಲ್ಲ.

ಹೇಗೆ ಮಾಡಬೇಕು ಎಂದರೆ, ಮೊದಲು ನಲ್ಲಿಯ ತಣ್ಣೀರಲ್ಲಿ ಧೂಳು ಹೋಗುವಂತೆ ತೊಳೆಯಿರಿ, ಒಣಗಿದ ಗ್ಲಾಸನ್ನು ಸೆರಗಿನಿಂದ ಉಜ್ಜುವುದು ಗೀರು ಬೀಳಿಸುವ ಸುಲಭ ದಾರಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಿಗೆ ತೆಗೆದುಕೊಂಡು ಎರಡೂ ಗ್ಲಾಸಿನ ಎರಡೂ ಬದಿಗೆ ಸವರಿ. ಸ್ವಲ್ಪವೇ ನೀರು ಹಾಕಿ ನೊರೆ ತೆಗೆಯಿರಿ, ಗಸಗಸ ತೊಳೆಯಬೇಡಿ. ಕೊಡವಿ ನಿಲ್ಲಿಸಿ, ಅಂಚಲ್ಲಿ ಉಳಿದ ಹನಿಯನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು. ಪೊರೆ ಕೆಲವು ಗಂಟೆ ಇರುತ್ತದೆ. ಒಂದು ಶಿಫ್ಟಿಗೆ ಬಹುಶಃ ಎರಡು ಸಲ ಬೇಕಾದೀತು. ಮಧ್ಯೆ ಒರೆಸಿದಿರೋ, ಪೊರೆಯೂ ಹೋಯಿತು.

ಲಿಕ್ವಿಡ್ ಎಂದೆ, ಬಿಲ್ಲೆ ಎನ್ನಲಿಲ್ಲ. ಪಾತ್ರೆ ತಿಕ್ಕುವ ಬಿಲ್ಲೆಯಲ್ಲಿ ಕಲ್ಲಿನ ಪುಡಿ ಇರುತ್ತದೆ. ಮೈಸೋಪಿನಲ್ಲಿ ಚರ್ಮ ಮೃದುವಾಗಿಸುವ ಎಣ್ಣೆ ಅಂಶ ಇರುತ್ತದೆ, ಗ್ಲಾಸ್ ಜಿಡ್ಡಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಗೋಳು. ಗಡಸು ನೀರಿನ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿ ಕಸರಾಗಿ ಕೂರುತ್ತದೆ, ಬಕೆಟ್ಟಿನ ಅಂಚಿಗೆ ಕಟ್ಟುವುದಿಲ್ಲವೇ, ಅದೇ. ಅವರು ಸೋಪು ಬಿಟ್ಟು ಡಿಟರ್ಜೆಂಟ್ ಲಿಕ್ವಿಡ್ಡನ್ನೇ ಬಳಸಿ, ಕೊನೆಯ ನೀರು ಫಿಲ್ಟರಿನದು ಇಟ್ಟುಕೊಳ್ಳಬೇಕು. ಅಂಟುವಾಳದ ನೊರೆ ಆಗುತ್ತದೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ತತ್ವದಲ್ಲಿ ಆಗುತ್ತದೆ, ಅಕ್ಕಸಾಲಿಗರು ಒಡವೆ ತೊಳೆಯುವುದು ಅದರಲ್ಲೇ ತಾನೇ. ನೆನೆಸಿ ಚೆನ್ನಾಗಿ ಸೋಸಿದ ತಿಳಿ ಮಾತ್ರ ಬಳಸಬೇಕು. ಸೀಗೆಪುಡಿ ಮಾತ್ರ ಬೇಡವೇ ಬೇಡ, ಅದು ಮರಳು ಕಾಗದವಿದ್ದಂತೆ.

ಟೂತ್‌ಪೇಸ್ಟೂ ಮರಳು ಕಾಗದವೇ. ಹಲ್ಲಿನ ಎನಾಮೆಲ್ಲಿನ ಮೇಲಿನ ಕೊಳೆ ತಿಕ್ಕಲು ಅದರಲ್ಲಿ ಸಿಲಿಕಾ, ಸುಣ್ಣದ ಕಲ್ಲಿನ ಪುಡಿ ಹಾಕಿರುತ್ತಾರೆ. ನಿಮ್ಮ ಗ್ಲಾಸ್ ಎಂದು ನಾವು ಕರೆಯುವುದು ಗಾಜಲ್ಲ, ಪ್ಲಾಸ್ಟಿಕ್. ಎನಾಮೆಲ್ಲಿಗಿಂತ ಎಷ್ಟೋ ಮೆತ್ತಗೆ. ನೀವು ಹೇಳಿದ ಕಲೆಗಳು ಕೋಟಿಂಗ್ ಕಿತ್ತುಹೋದ ಜಾಗಗಳು ಎಂಬುದೇ ನನ್ನ ಅಂದಾಜು. ಅದಕ್ಕೆ ರಿಪೇರಿ ಇಲ್ಲ, ಪಾಲಿಶ್ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಖಚಿತಪಡಿಸಿಕೊಳ್ಳಲು ಕನ್ನಡಕ ತೊಳೆದು ಒಣಗಿಸಿ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಬೆಳಕಿನ ಪ್ರತಿಬಿಂಬದ ಹಸಿರೋ ನೀಲಿಯೋ ಬಣ್ಣ ಕಲೆಯ ಜಾಗದಲ್ಲಿ ಮಾಯವಾಗಿದ್ದರೆ ಅಲ್ಲಿ ಕೋಟಿಂಗ್ ಇಲ್ಲ. ಬಿಸಿನೀರೂ ಇದೇ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಹಿಗ್ಗಿದಷ್ಟು ಕೋಟಿಂಗ್ ಹಿಗ್ಗದೆ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಮಂಜು ಬರದಿರಲಿ ಎಂದು ಕನ್ನಡಕವನ್ನು ಸ್ಟೆರಿಲೈಜರ್ ಮುಚ್ಚಳದ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದ ಒಬ್ಬ ಸಿಸ್ಟರ್ ನನಗೆ ಗೊತ್ತು. ವಿಜ್ಞಾನ ಸರಿ, ಗ್ಲಾಸ್ ಹಾಳು.

ಸ್ಪ್ರೇ ಮಾಡುವುದೂ ಸೋಪಿನ ಕೆಲಸವನ್ನೇ, ದುಡ್ಡು ಹೆಚ್ಚು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಆನ್‌ಲೈನಿನಲ್ಲಿ ಹೆಚ್ಚು ಮೆಚ್ಚುಗೆ ಪಡೆದ ನಾಲ್ಕು ಸ್ಪ್ರೇ, ಐದು ಒರೆಸುವ ಬಟ್ಟೆಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಬತ್ತರಲ್ಲೂ ಪಿಎಫ್‌ಎಎಸ್ ಗುಂಪಿನ ಫ್ಲೋರಿನ್ ರಾಸಾಯನಿಕಗಳು ಸಿಕ್ಕವು. ಇವು ಪರಿಸರದಲ್ಲೂ ಮೈಯಲ್ಲೂ ಸುಲಭವಾಗಿ ಕರಗದೆ ಉಳಿಯುವ ಗುಂಪಿನವು. ಆ ಸ್ಪ್ರೇಯಿಂದ ಯಾರಿಗೋ ಕಾಯಿಲೆ ಬಂತು ಎಂದು ಅವರು ಹೇಳಲಿಲ್ಲ, ಪದಾರ್ಥ ಇದೆ ಎಂದಷ್ಟೇ ಹೇಳಿದರು. ಅಪರೂಪಕ್ಕೆ ಹೊಡೆದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ದಿನಕ್ಕೆ ನಾಲ್ಕು ಸಲ, ವರ್ಷಗಟ್ಟಲೆ, ಮೂಗಿನಿಂದ ಎರಡಿಂಚು ದೂರದಲ್ಲಿ ಎಂದರೆ ಸೋಪೇ ಸಾಕು ಎನ್ನುತ್ತೇನೆ. ಬಾಟಲಿಯ ಮೇಲೆ ಏನೇನು ಬೆರೆಸಿದೆ ಎಂದು ಬರೆಯದ ಸ್ಪ್ರೇಯನ್ನಂತೂ ಕೊಳ್ಳಬೇಡಿ.

ಸಂಜೆಯ ಕಣ್ಣುರಿಗೆ ಮಂಜು ಕಾರಣವಲ್ಲ, ಆದರೆ ಇಬ್ಬರಿಗೂ ತವರು ಒಂದೇ. ಮೇಲಕ್ಕೆ ಸೋರುವ ಗಾಳಿ ಗಂಟೆಗಟ್ಟಲೆ ಕಣ್ಣಿನ ಮೇಲೆ ಹಾಯುತ್ತಾ ಕಣ್ಣೀರಿನ ಪದರವನ್ನು ಒಣಗಿಸುತ್ತದೆ. 2020ರಿಂದೀಚೆ ಕಣ್ಣಿನ ವೈದ್ಯರು ಇದಕ್ಕೆ ಮಾಸ್ಕಿನಿಂದ ಬರುವ ಕಣ್ಣಿನ ಶುಷ್ಕತೆ ಎಂದು ಹೆಸರನ್ನೇ ಇಟ್ಟಿದ್ದಾರೆ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನ ಹೆಂಗಸರಲ್ಲಿ ಶುಷ್ಕತೆ ಮೊದಲೇ ಹೆಚ್ಚು. ಮಾಸ್ಕಿನ ಸೋರಿಕೆ ನಿಂತರೆ ಅರ್ಧ ವಾಸಿ. ಉಳಿದದ್ದಕ್ಕೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕಣ್ಣೀರಿನಂಥ ಹನಿಗಳು ಸಾಕು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಮೆಡಿಕಲ್ ಶಾಪಿನವರು ಉರಿಗೆಂದು ಕೊಡುವ ಸ್ಟೆರಾಯ್ಡ್ ಹನಿ ಮಾತ್ರ ವೈದ್ಯರು ನೋಡದೆ ಹಾಕಬೇಡಿ. ಅದು ಕಣ್ಣಿನ ಒತ್ತಡ ಏರಿಸಬಲ್ಲದು, ನಿಮ್ಮಂಥ ದೊಡ್ಡ ಮೈನಸ್ ನಂಬರಿನವರಿಗೆ ಆ ಅಪಾಯ ಇನ್ನೂ ಜಾಸ್ತಿ.

ಮಗ ಹೇಳಿದ ಕಾಂಟ್ಯಾಕ್ಟ್ ಲೆನ್ಸ್ ಕೆಟ್ಟ ಸಲಹೆಯಲ್ಲ. ಅದು ಮಂಜಾಗುವುದಿಲ್ಲ, ಕಣ್ಣಿನಷ್ಟೇ ಬೆಚ್ಚಗೆ, ಕಣ್ಣೀರಿನಲ್ಲೇ ಮುಳುಗಿರುತ್ತದೆ. ಮೈನಸ್ 8ಕ್ಕೆ ದಪ್ಪ ಕನ್ನಡಕಕ್ಕಿಂತ ಚೆನ್ನಾಗಿಯೂ ಕಾಣುತ್ತದೆ. ಆದರೆ ಈಗ ನಿಮ್ಮ ಕಣ್ಣು ಒಣಗಿದೆ. ಮೊದಲು ಅದು ಸರಿಹೋಗಲಿ. ಆಮೇಲೆ ದಿನಕ್ಕೊಂದು ಬಳಸಿ ಬಿಸಾಡುವ ಬಗೆಯನ್ನೇ ಕೇಳಿ, ಡಬ್ಬಿ ತೊಳೆಯುವ, ಸೊಲ್ಯೂಷನ್ ಬದಲಿಸುವ ತಾಪತ್ರಯ ಇರುವುದಿಲ್ಲ. ಕೈ ತೊಳೆದು ಪೂರ್ತಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ನಲ್ಲಿ ನೀರು ಅದಕ್ಕೆ ಸೋಕಲೇಬಾರದು, ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಣ್ಣಿನ ಕರಿಗುಡ್ಡೆಗೆ ತಗುಲಿದರೆ ತಿಂಗಳುಗಟ್ಟಲೆ ನರಳಾಟ. ನೈಟ್ ಡ್ಯೂಟಿಯಲ್ಲಿ ಹಾಗೇ ಕುರ್ಚಿಯಲ್ಲಿ ಕಣ್ಣುಮುಚ್ಚುವ ಅಭ್ಯಾಸವಿದ್ದರೆ ಲೆನ್ಸ್ ನಿಮಗಲ್ಲ, ಲೆನ್ಸ್ ಹಾಕಿ ಮಲಗುವುದರಿಂದಲೇ ಸೋಂಕಿನ ಅಪಾಯ ಹಲವು ಪಟ್ಟು ಏರುತ್ತದೆ. ಕೆಂಪಾಗಿ ನೋವು ಬಂದರೆ ತಕ್ಷಣ ತೆಗೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು, ನಾಳೆ ಎನ್ನಬಾರದು.

ಲೇಸರ್ ವಿಷಯದಲ್ಲಿ ತಂಗಿಗೆ ನನ್ನ ಪರವಾಗಿ ಬೇಡ ಎನ್ನಿ. ಮೈನಸ್ 8 ಎಂದರೆ ಗಡಿಯ ಹತ್ತಿರ, ಲೇಸರ್ ತೆಳುಮಾಡುವ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ದಪ್ಪ ಸಾಕೇ ಎಂಬುದರಿಂದಲೇ ಪ್ರಶ್ನೆ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಕಣ್ಣು ಇನ್ನಷ್ಟು ಒಣಗುತ್ತದೆ. ಅದೆಲ್ಲ ದಾಟಿದರೂ 46ರಲ್ಲಿ ದೂರದ ಕನ್ನಡಕ ಹೋಗಿ ಓದುವ ಕನ್ನಡಕ ಕೈಗೆ ಬರುತ್ತದೆ. ನಾಳ ಹುಡುಕಲು ನಿಮಗೆ ಬೇಕಾಗುವುದು ಅದೇ. ಅದೂ ಮಂಜಾಗುತ್ತದೆ!

ಹೇಗೂ ಗ್ಲಾಸ್ ಬದಲಿಸಬೇಕಾಗಿ ಬಂದಿದೆ, ಆದ್ದರಿಂದ ಮುಂದಿನದನ್ನು ವಾರ್ಡಿಗೆಂದೇ ಮಾಡಿಸಿ. ಆಂಟಿ-ಫಾಗ್ ಕೋಟಿಂಗ್ ಎಂದು ಬರುತ್ತದೆ, ನೀರನ್ನು ತಳ್ಳುವ ಬದಲು ಹೀರಿ ಹರಡುವ ಪದರ. ಕೆಲವಕ್ಕೆ ಆಗಾಗ ಅದರದ್ದೇ ಬಟ್ಟೆಯಿಂದ ಒರೆಸಿ ಚುರುಕುಗೊಳಿಸಬೇಕು, ಯಾವುದೂ ಶಾಶ್ವತವಲ್ಲ. ವಾರಂಟಿ ಎಷ್ಟು ದಿನ ಎಂದು ಬರಹದಲ್ಲಿ ಕೇಳಿ. ಕೋಟಿಂಗೇ ಇಲ್ಲದೆ ಮಾಡಿಸಿದರೆ ಆಗದೇ ಎಂದರೆ, ನಿಮ್ಮ ನಂಬರಿಗೆ ತೆಳ್ಳಗಿರಲೆಂದು ಹಾಕುವ ಹೈ-ಇಂಡೆಕ್ಸ್ ಗ್ಲಾಸಿನಲ್ಲಿ ಪ್ರತಿಫಲನ ಹೆಚ್ಚು, ರಾತ್ರಿ ವಾರ್ಡಿನ ಲೈಟುಗಳು ಕಣ್ಣಿಗೆ ರಾಚುತ್ತವೆ. ಕೋಟಿಂಗಿಗಿಂತ ನಾನು ಒತ್ತಿ ಹೇಳುವುದು ಫ್ರೇಮಿನ ಬಗ್ಗೆ. ಚಿಕ್ಕ ಗ್ಲಾಸಿನದು, ತಿರುಗಿಸಿ ಹೊಂದಿಸಬಹುದಾದ ನೋಸ್ ಪ್ಯಾಡ್ ಇರುವ ಮೆಟಲ್ ಫ್ರೇಮ್. ಮೈನಸ್ ಗ್ಲಾಸ್ ಅಂಚಿನಲ್ಲಿ ದಪ್ಪ. ದೊಡ್ಡ ಫ್ಯಾಷನ್ ಫ್ರೇಮಿನಲ್ಲಿ ಆ ದಪ್ಪ ಅಂಚು ಕೆನ್ನೆಗೆ ತಾಗಿಕೊಂಡು ಆವಿಗೆ ಹೊರಹೋಗಲು ಜಾಗವೇ ಇರುವುದಿಲ್ಲ. ಕೆನ್ನೆಗೂ ಗ್ಲಾಸಿಗೂ ನಡುವೆ ಬೆಳಕು ಕಾಣುವಷ್ಟಾದರೂ ಸಂದಿ ಇರಲಿ.

ಹಾಗೆಂದು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕೆಲಸ ಮಾಡಬೇಡಿ. ಮೈನಸ್ 8ರ ಗ್ಲಾಸ್ ಕಣ್ಣಿನಿಂದ 4 ಮಿಲಿಮೀಟರ್ ಮುಂದೆ ಹೋದರೆ ಅದರ ಶಕ್ತಿ ಕಾಲು ನಂಬರಿನಷ್ಟು ಕುಗ್ಗುತ್ತದೆ. ಜೊತೆಗೆ ಪ್ರೋಗ್ರೆಸಿವ್‌ನ ಓದುವ ಭಾಗ ಕೆಳಗಿಳಿದು, ನೀವು ಕತ್ತು ಹಿಂದಕ್ಕೆ ಬಾಗಿಸಿ ನಾಳ ನೋಡಬೇಕಾಗುತ್ತದೆ.

ಒಂದು ವಿಷಯ ಇದೆಲ್ಲದರಿಂದ ಬೇರೆಯಾಗಿ ನೆನಪಿಡಿ. ಕನ್ನಡಕ ತೆಗೆದರೂ, ತೊಳೆದು ಹಾಕಿದರೂ ಎದುರಿಗೆ ಮಂಜು ಹಾಗೇ ಇದ್ದರೆ ಅದು ಹಬೆಯಲ್ಲ. ದೀಪಗಳ ಸುತ್ತ ಬಣ್ಣದ ಬಳೆ ಕಂಡು, ಕಣ್ಣು ನೋವು, ತಲೆನೋವು, ವಾಂತಿ ಬರುವಂತಾದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲದೆ ತಿಂಗಳಿಂದ ತಿಂಗಳಿಗೆ ಮಬ್ಬು ಹೆಚ್ಚುತ್ತಿದ್ದರೆ ಪೊರೆ ಇರಬಹುದು, ದೊಡ್ಡ ಮೈನಸ್ ನಂಬರಿನವರಿಗೆ ಅದು ಸ್ವಲ್ಪ ಬೇಗ ಬರುವುದುಂಟು. ನಿಮ್ಮ ನಂಬರಿಗೆ ವರ್ಷಕ್ಕೊಮ್ಮೆ ಹನಿ ಹಾಕಿ ರೆಟಿನಾ ಪರೀಕ್ಷೆ ಹೇಗೂ ಆಗಬೇಕು. ಮಾಡಿಸಿ ಎಷ್ಟು ದಿನವಾಯಿತು ಎಂದು ನೀವು ಬರೆದಿಲ್ಲ.

ಈಗ ಮಾಡಬೇಕಾದದ್ದು. ನಾಳೆ ತುರುಬು ಕೆಳಗಿಳಿಸಿ, ಪಟ್ಟಿ ಮೇಲೇರಿಸಿ, ಎರಡೂ ಕೈಯಲ್ಲಿ ತಂತಿ ಒತ್ತಿ, ಅಂಗೈ ಪರೀಕ್ಷೆ ಮಾಡಿ ಡ್ಯೂಟಿಗೆ ನಿಲ್ಲಿ. ಎರಡು ಮೂರು ದಿನ ಹಾಗೆ ನೋಡಿ, ಗ್ಲಾಸಿಗೆ ಏನೂ ಹಚ್ಚದೆ, ಆಗಲೇ ಮಾಸ್ಕಿನ ನಿಜ ಸ್ಥಿತಿ ಗೊತ್ತಾಗುವುದು. ಆಮೇಲೆ ಸೋಪು. ಹೊಸ ಕನ್ನಡಕ ಮಾಡಿಸಲು ಹೋಗುವಾಗ ಡ್ಯೂಟಿಯ ಮಾಸ್ಕಿನದೇ ಬಗೆಯ ಹೊಸದೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ. ಮಾಸ್ಕ್ ಇದ್ದಾಗ ಫ್ರೇಮ್ ಅದರ ತಂತಿಯ ಮೇಲೆ ಕೂತು ಜಾಗ ಬದಲಿಸುತ್ತದೆ. ಬರಿ ಮುಖಕ್ಕೆ ಅಳತೆ ತೆಗೆದ ಪ್ರೋಗ್ರೆಸಿವ್ ವಾರ್ಡಿನಲ್ಲಿ ನಿಮ್ಮ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಮಾಸ್ಕ್ ಹಾಕಿಕೊಂಡೇ ಕೂರುತ್ತೇನೆ, ಫಿಟ್ಟಿಂಗ್ ಹೈಟ್ (ಫ್ರೇಮಿನಲ್ಲಿ ಕಣ್ಣಿನ ಪಾಪೆ ಬರುವ ಎತ್ತರ) ಹೀಗೇ ಗುರುತು ಹಾಕಿ ಎಂದು ಅಂಗಡಿಯವರಿಗೆ ಹೇಳಿ. ಒಂದು ಗಳಿಗೆ ವಿಚಿತ್ರವಾಗಿ ನೋಡಿಯಾರು, ಹಾಕಿಕೊಡುತ್ತಾರೆ.